ಈ ವಾರದ ಸಮಸ್ಯೆ: ‘ಸೋತವರೆ ಗೆದ್ದವರು ನೋಡಿರಣ್ಣ’

ಗೆಳೆಯರೇ, ಈ ಸಲ ಪುರಾಣವೂ ಬೇಡ, ಮಳೆಗಾಲವೂ ಬೇಡ. ಮೈದಾನಕ್ಕೆ ಹೋಗೋಣ. ಈಗ ಆಡುತ್ತಿರುವ ಆಟಗಾರರು, ನಾವೇ ನೋಡಿದ ಪಂದ್ಯಗಳು ಮಾತ್ರ. ಛಂದಸ್ಸು ಪಂಚಮಾತ್ರೆಯ ಚೌಪದಿ. ಬೆಸ ಸಾಲಿನಲ್ಲಿ ಐದೈದು ಮಾತ್ರೆಯ ನಾಲ್ಕು ಗಣ. ಸರಿ ಸಾಲಿನಲ್ಲಿ ಮೂರು ಗಣ, ಕೊನೆಗೊಂದು ಗುರು. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ತ’. ಸಮಸ್ಯೆಯಾದ ಕೊನೆಯ ಸಾಲು ಇದು, ಮೇಲಿನ ಮೂರು ಸಾಲು ತುಂಬಿ ಅದನ್ನು ಬಿಡಿಸುವುದೇ ಪೂರಣ:

ಸೋತವರೆ ಗೆದ್ದವರು ನೋಡಿರಣ್ಣ

ಮೊದಲೇ ಒಂದು ಮಾತು. ‘ಸೋತರೂ ಮನಸ್ಸು ಗೆದ್ದರು’ ಅನ್ನುವ ಪೂರಣ ತುಂಬಾ ಸುಲಭ. 2025ರ ಐಪಿಎಲ್ ಫೈನಲ್‌ನಲ್ಲಿ ಪಂಜಾಬಿನ ಶಶಾಂಕ್ ಸಿಂಗ್ 30 ಎಸೆತಕ್ಕೆ ಔಟಾಗದೆ 61 ಹೊಡೆದರು. ಆ ಆಟ ನನಗೂ ಇಷ್ಟ. ಆದರೆ ತಂಡ ಸೋತಿತು. ಅದನ್ನು ಗೆಲುವು ಅಂದರೆ ಸಮಾಧಾನ ಹೇಳಿದ ಹಾಗೆ, ಸಮಸ್ಯೆ ಬಿಡಿಸಿದ ಹಾಗಲ್ಲ. ಸೋತವರು ನಿಜವಾಗಿಯೂ ಗೆದ್ದಿರಬೇಕು.

ಚೌಪದಿಪ್ರಿಯೆ:

ಮಾತೆತ್ತಿದರೆ ಮೂರು ಸಲ ಸೋತರೆಂದವರು
ಕೂತು ನೋಡಿದರಲ್ಲ ಗೆಲುವು ಬಂತು
ಆ ತೆಂಕಣಾಫ್ರಿಕಕೆ ಲೀಗಿನಲಿ ಮಣಿದಿದ್ದ
ಸೋತವರೆ ಗೆದ್ದವರು ನೋಡಿರಣ್ಣ

2025ರ ಮಹಿಳಾ ಕ್ರಿಕೆಟ್ ವಿಶ್ವಕಪ್. ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ಇಂಗ್ಲೆಂಡ್ ಎದುರು ಭಾರತಕ್ಕೆ ಸಾಲಾಗಿ ಮೂರು ಸೋಲು. ಆಮೇಲೆ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯವನ್ನು, ಫೈನಲ್‌ನಲ್ಲಿ ಅದೇ ದಕ್ಷಿಣ ಆಫ್ರಿಕವನ್ನು ಸೋಲಿಸಿದರು. ಇಂಗ್ಲೆಂಡ್ ಪಂದ್ಯಕ್ಕೆ ತಂಡದಿಂದ ಕೈಬಿಟ್ಟಿದ್ದ ಜೆಮಿಮಾ ರಾಡ್ರಿಗಸ್ ಅವರೇ ಸೆಮಿಫೈನಲ್‌ನಲ್ಲಿ ಔಟಾಗದೆ 127 ಹೊಡೆದಿದ್ದು. ಅವರಿಗೇ ಇನ್ನೊಂದು ಪದ್ಯ ಬರೆಯಬೇಕು.

ನಾನು: ಭಲೇ! ಮೂರನೇ ಸಾಲು ನಾಲ್ಕನೆಯದಕ್ಕೆ ಸಲೀಸಾಗಿ ಹರಿಯುತ್ತದೆ. ಸಮಸ್ಯೆಯ ಸಾಲು ಬೇರೆಯವರು ಕೊಟ್ಟದ್ದು ಅಂತ ಅನ್ನಿಸುವುದೇ ಇಲ್ಲ. ಜೆಮಿಮಾ ಪದ್ಯಕ್ಕೆ ಕಾಯ್ತಾ ಇರುತ್ತೇನೆ.

ಥರ್ಡ್‌ಮ್ಯಾನ್:

ಯಾತನೆಯ ಮೂರು ಫೈನಲು ಕಳೆದು ಹದಿನೆಂಟು
ಕಾತರದ ವರುಷಗಳ ಸವೆಸಿ ಬಂದ
ಆತ ಮಂಡಿಯನೂರಿ ಮೊಗ ಮುಚ್ಚಿ ಅತ್ತಾಗ
ಸೋತವರೆ ಗೆದ್ದವರು ನೋಡಿರಣ್ಣ

‘ಆತ’ ಯಾರು ಅಂತ ಹೇಳಬೇಕಾಗಿಲ್ಲ ಅಲ್ವಾ?

ನಾನು: ಬೇಕಾಗಿಲ್ಲ! ನೀವು ಮೊದಲು ಕಳಿಸಿದ್ದರಲ್ಲಿ ಮೂರನೇ ಸಾಲು ‘ರಾತ್ರಿ’ ಅಂತ ಶುರುವಾಗಿತ್ತು. ಒತ್ತಕ್ಷರ ಬಂದರೆ ಪ್ರಾಸ ಕೆಡುತ್ತದೆ. ‘ಆತ’ ಅಂದಿದ್ದರಿಂದ ಪ್ರಾಸವೂ ಕೂತಿತು, ಕೊಹ್ಲಿಯೂ ಬಂದರು. 2009ರ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ಆರ್‌ಸಿಬಿ ಸೋತದ್ದು 6 ರನ್ನಿನಿಂದ. 2025ರಲ್ಲಿ ಅಹಮದಾಬಾದಿನಲ್ಲಿ ಗೆದ್ದದ್ದೂ 6 ರನ್ನಿನಿಂದಲೇ. ನಡುವೆ 2016. ಕೊಹ್ಲಿ ಆ ಒಂದೇ ಸೀಸನ್‌ನಲ್ಲಿ 973 ರನ್ ಹೊಡೆದರು. ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲೇ ಇತ್ತು, ಆದರೂ 8 ರನ್ನಿನಿಂದ ಕೈತಪ್ಪಿತು. ಬೇರೆ ತಂಡಕ್ಕೆ ಹೋಗಿದ್ದರೆ ಕಪ್ ಎಂದೋ ಸಿಗುತ್ತಿತ್ತೇನೋ. ಹೋಗಲಿಲ್ಲ. ನನ್ನ ಮಟ್ಟಿಗೆ ಅವರ ಯಾವ ಶತಕಕ್ಕಿಂತಲೂ ಅದು ದೊಡ್ಡದು.

ಬೌಂಡರಿ ಗೆರೆ: ನಿಯಮ ಮುರಿಯುತ್ತಿದ್ದೇನೆ. ಆ ಗೆಲುವಿನ ಮಾತು ಬಂದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ಸದ್ದು ಗದ್ದಲದೊಳಗೆ ಹನ್ನೊಂದು ಜನ ಹೋಗಿ
ಬಿದ್ದ ಚಪ್ಪಲಿ ಮಾತ್ರ ಉಳಿದ ಬೀದಿ
ಮುದ್ದು ಮಕ್ಕಳ ಹೆತ್ತ ಮನೆಗಳನು ಕೇಳಿದರೆ
ಗೆದ್ದವರೆ ಸೋತವರು ನೋಡಿರಣ್ಣ

ನಾನು: ಕೊಟ್ಟ ಸಾಲನ್ನು ತಿರುಗಿಸಿದ್ದೀರಿ, ಪ್ರಾಸವನ್ನೂ ಬದಲಿಸಿದ್ದೀರಿ. ಲೆಕ್ಕಕ್ಕೆ ಇದು ಪೂರಣವಲ್ಲ. ಆದರೂ ಇಲ್ಲೇ ಇರಲಿ. ಕಾಲ್ತುಳಿತ ಆದ 2025ರ ಜೂನ್ 4 ಬಿಟ್ಟು ಕಪ್ ಗೆದ್ದ ಜೂನ್ 3ರ ಬಗ್ಗೆ ಬರೆಯುವುದು ನಮ್ಮ ಊರಿನವರಿಗೆ ಆಗದ ಮಾತು.

ಹುಬ್ಬಳ್ಳಿ ಹುಡುಗ: ಟೆಸ್ಟ್‌ನಲ್ಲಿ 303 ಹೊಡೆದಿದ್ದ ಕರುಣ್ ನಾಯರ್ ಅವರಿಗೆ.

ಜೋತು ಬೀಳದೆ ಹಳೆಯ ಮುನ್ನೂರ ಮೂರಕ್ಕೆ
ಆತುರವ ಬಿಟ್ಟು ರಣಜಿಯಲಿ ದುಡಿದ
ಆ ತಂಡ ಬಾಗಿಲನು ಮತ್ತೊಮ್ಮೆ ತೆರೆದಾಗ
ಸೋತವರೆ ಗೆದ್ದವರು ನೋಡಿರಣ್ಣ

ಥರ್ಡ್‌ಮ್ಯಾನ್: ಪದ್ಯ ಚೆನ್ನಾಗಿದೆ. ಆದರೆ 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಒಂದೇ ಅರ್ಧಶತಕ, ಓವಲ್‌ನಲ್ಲಿ 57. ಮುಂದಿನ ಸರಣಿಗೆ ಮತ್ತೆ ಹೊರಗೆ. ಇದನ್ನು ಗೆಲುವು ಅನ್ನಬಹುದಾ?

ಹುಬ್ಬಳ್ಳಿ ಹುಡುಗ: ಖಂಡಿತ ಅನ್ನಬಹುದು. ‘ಇನ್ನೊಂದು ಅವಕಾಶ ಕೊಡು’ ಅಂತ 2022ರಲ್ಲಿ ಕ್ರಿಕೆಟ್ಟನ್ನೇ ಬೇಡಿಕೊಂಡಿದ್ದವರು. ವಿದರ್ಭಕ್ಕೆ ಹೋಗಿ ಒಂದೇ ವಿಜಯ್ ಹಜಾರೆ ಟೂರ್ನಿಯಲ್ಲಿ 779 ರನ್ ಹೊಡೆದರು, ರಣಜಿ ಟ್ರೋಫಿ ಗೆದ್ದ ತಂಡದಲ್ಲಿದ್ದರು. ಎಂಟು ವರ್ಷ ಆದ ಮೇಲೆ ಟೆಸ್ಟ್ ಟೋಪಿ ಹಾಕಿಕೊಳ್ಳುವುದು ಅಂದರೆ ಸುಮ್ನೆ ಆಗುತ್ತಾ?

ನಾನು: ಈ ವಾದದಲ್ಲಿ ನಾನು ಹುಬ್ಬಳ್ಳಿಯವರ ಕಡೆ. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಭಾರತೀಯರು ಇಬ್ಬರೇ, ಸೆಹ್ವಾಗ್ ಮತ್ತು ಕರುಣ್. ಅಂಥವರಿಗೆ ನಾವು ಇನ್ನೂ ಜಾಸ್ತಿ ತಾಳ್ಮೆ ತೋರಿಸಬೇಕಿತ್ತು.

ಮಲ್ಲೇಶ್ವರದವರು:

ಪ್ರೀತಿಯೂರಿನ ಹುಡುಗ ದಿಲ್ಲಿಯಂಗಿಯ ತೊಟ್ಟು
ಕೂತವರ ಮುಂದೆ ಗೆರೆ ದುಂಡಗೆಳೆದ
ಈತ ನಮ್ಮವನೆಂದು ಚಪ್ಪಾಳೆ ತಟ್ಟಿದರೆ
ಸೋತವರೆ ಗೆದ್ದವರು ನೋಡಿರಣ್ಣ

ನಾನು: ಈ ವಾರದ ಪೂರಣ ಇದೇ! 2025ರ ಏಪ್ರಿಲ್ 10, ಚಿನ್ನಸ್ವಾಮಿ. ಕೆ.ಎಲ್. ರಾಹುಲ್ 53 ಎಸೆತಕ್ಕೆ ಔಟಾಗದೆ 93. ಆರ್‌ಸಿಬಿ ಸೋತಿತು. ರಾಹುಲ್ ಬ್ಯಾಟಿನಿಂದ ನೆಲದ ಮೇಲೆ ದುಂಡಗೆ ಗೆರೆ ಎಳೆದು, ನಡುವೆ ಬ್ಯಾಟ್ ಊರಿ, ಇದು ನನ್ನ ನೆಲ ಅಂತ ತೋರಿಸಿದರು. ಉಳಿದ ಪೂರಣಗಳಲ್ಲಿ ಸೋಲು ಮೊದಲು, ಗೆಲುವು ಆಮೇಲೆ. ಕಾಲವೇ ಸಮಸ್ಯೆಯನ್ನು ಬಿಡಿಸಿಕೊಟ್ಟಿದೆ. ಇಲ್ಲಿ ಹಾಗಲ್ಲ. ಅದೇ ಜನ, ಅದೇ ಕ್ಷಣ. ತಂಡ ಸೋತಿತು, ಊರಿನ ಹುಡುಗ ಗೆದ್ದ. ‘ತಟ್ಟಿದರೆ’ ಅಂದದ್ದು ಇನ್ನೂ ಚೆಂದ. ತಟ್ಟಿದವರಿಗೆ ಮಾತ್ರ ಆ ಗೆಲುವು. ರಾಹುಲ್ ಔಟಾದಾಗಲೆಲ್ಲ ಬಾಯಿಗೆ ಬಂದಂತೆ ಬೈಯುವವರು ಈ ಪದ್ಯವನ್ನು ಎರಡು ಸಲ ಓದಬೇಕು.

ಚೌಪದಿಪ್ರಿಯೆ: ಒಪ್ಪಿದೆ. ಎಲ್ಲವೂ ಕ್ರಿಕೆಟ್ಟೇ ಆಯಿತಲ್ಲ, ಕಬಡ್ಡಿ ಏನು ಪಾಪ ಮಾಡಿತ್ತು?

ನಾನು: ನ್ಯಾಯವಾದ ಮಾತು. ಪ್ರೊ ಕಬಡ್ಡಿಯಲ್ಲಿ ಗುಜರಾತ್ ಎದುರಿನ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಕಪ್ ಗೆಲ್ಲಿಸಿಕೊಟ್ಟ ಬೆಂಗಳೂರು ಬುಲ್ಸ್ ನಮ್ಮದೇ ತಂಡ. ಮುಂದಿನ ವಾರ ಕಬಡ್ಡಿ ಮಾತ್ರ. ಅದೇ ಚೌಪದಿ, ಪ್ರಾಸಾಕ್ಷರ ‘ಟ’. ಕೊನೆಯ ಸಾಲು:

ಔಟಾದ ಮೇಲೆಯೇ ಆಟ ಶುರುವು