ಸಹಾಯ ಬೇಕು: ಬೇರೆ ಗಾಡಿಯ ಸಿಗ್ನಲ್ ಜಂಪ್, ಚಲನ್ ನಮಗೆ

ಬೆಂಗಳೂರಿನ ಜಂಕ್ಷನ್ ಒಂದರ ಕ್ಯಾಮೆರಾದಿಂದ ಅಪ್ಪನ ಸ್ಕೂಟರ್ ನಂಬರಿಗೆ ಸಿಗ್ನಲ್ ಜಂಪ್ ಅಂತ 500 ರೂಪಾಯಿ ಚಲನ್ ಬಂದಿದೆ. ಫೋಟೊ ದೊಡ್ಡದು ಮಾಡಿ ನೋಡಿದರೆ ಅದು ಸ್ಕೂಟರೇ ಅಲ್ಲ, ಬೈಕು. ಪ್ಲೇಟಿನ 3ರ ಎಡಕ್ಕೆ ಕೆಸರು ಮೆತ್ತಿ 8ರ ಹಾಗೆ ಕಾಣುತ್ತಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 2021ರಲ್ಲಿ ಬಂದ 167ಎ ನಿಯಮದ (ಕ್ಯಾಮೆರಾ ಚಲನ್‌ಗಳ ಬಗ್ಗೆ ಇರುವುದು) ಪ್ರಕಾರ ಉಲ್ಲಂಘನೆ, ನಂಬರ್ ಪ್ಲೇಟ್ ಎರಡೂ ಫೋಟೊದಲ್ಲಿ ಸ್ಪಷ್ಟವಾಗಿ ಕಾಣಬೇಕು. ಇಲ್ಲಿ ಕೆಂಪು ದೀಪವೇ ಫ್ರೇಮಿನಲ್ಲಿಲ್ಲ!

ದಂಡ ಕಟ್ಟಿಲ್ಲ, ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ. ಚಲನ್ ಪ್ರತಿ, ಆರ್‌ಸಿ, ಸ್ಕೂಟರಿನ ಹಿಂದೆ-ಮುಂದೆ ತೆಗೆದ ಫೋಟೊ ಸಿದ್ಧವಿವೆ. ಆನ್‌ಲೈನ್ ದೂರಿಗೆ ಉತ್ತರವಿಲ್ಲ.

ಇಂಥ ಕೇಸಿನಲ್ಲಿ ವಿಡಿಯೊ ತುಣುಕು ಕೇಳಿ ಪಡೆದವರಿದ್ದೀರಾ? ಅರ್ಜಿ ಯಾರ ಹೆಸರಿಗೆ ಬರೆಯಬೇಕು? ಅಪ್ಪನಿಗೆ ಓಡಾಟ ಕಷ್ಟ. ಅವರೇ ಬರಬೇಕೋ, ಒಪ್ಪಿಗೆ ಪತ್ರ ಹಿಡಿದು ನಾನು ಹೋದರೆ ನಡೆಯುತ್ತದೋ? ಗೊತ್ತಿದ್ದವರು ದಯವಿಟ್ಟು ತಿಳಿಸಿ.