ಕಾಡಂಚಿನ ಜಮೀನು: ಬೆಂಕಿ ಪೂರ್ತಿ ತಡೆಯೋದೇ ಸರಿಯಾ?

ಬದುವಿನ_ಹುಣಸೆ:
ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ಮೂರು ಎಕರೆ, ಒಂದು ಬದು ಕಾಡಿಗೇ ತಾಗಿದೆ. ಈ ಬೆಟ್ಟದ ಆದಿವಾಸಿಗಳಾದ ಸೋಲಿಗರು ಹಿಂದೆ ತಾವೇ ಬೆಂಕಿ ಇಡುತ್ತಿದ್ದರು, ಕಾಡಿಗೆ ಅದು ಬೇಕು ಅಂತಾರೆ. ಅರಣ್ಯ ಇಲಾಖೆಯವರು ಕಿಡಿಯೂ ಬೀಳಬಾರದು ಅಂತಾರೆ. ಯಾರ ಮಾತು ಸರಿ? ಬೇಸಿಗೆಗೆ ಮುಂಚೆ ಬದುವಿನಲ್ಲಿ ಏನು ಮಾಡಿಸಲಿ?

ಮತ್ತಿಮರ:
ಇಬ್ಬರೂ ಹೇಳ್ತಿರೋದು ಬೇರೆ ಬೇರೆ ಬೆಂಕಿ. ಸೋಲಿಗರದ್ದು ತರಗು ಬೆಂಕಿ. ಬೇಸಿಗೆ ಬಲಿಯುವ ಮೊದಲೇ ಇಡುತ್ತಿದ್ದರು. ಬುಡದಲ್ಲಿ ಪಸೆ ಇರುವಾಗ ಒಣ ಎಲೆ, ಹುಲ್ಲಷ್ಟೇ ಸುಟ್ಟು ಮುಂದೆ ಹೋಗುತ್ತಿತ್ತು. ಮತ್ತಿ, ದಿಂಡಿಗದ ದಪ್ಪ ತೊಗಟೆಗೆ ಅದು ಲೆಕ್ಕಕ್ಕಿಲ್ಲ. ನೆಲ್ಲಿ ಮರದ ಬಂದಳಿಕೆಯೂ ಅದರಿಂದಲೇ ಹತೋಟಿಯಲ್ಲಿತ್ತು ಅನ್ನೋದು ಸೋಲಿಗರ ಮಾತು. 1974ರಲ್ಲಿ ವನ್ಯಧಾಮವಾದ ಮೇಲೆ ಆ ಪದ್ಧತಿ ನಿಂತಿತು, ಲಂಟಾನ ಅನ್ನೋ ಕಳೆಪೊದೆ ತುಂಬಿಕೊಂಡಿತು. ಈಗ ಮಾರ್ಚಿನಲ್ಲಿ ಹತ್ತಿದರೆ ಜ್ವಾಲೆ ಲಂಟಾನ ಹಿಡಿದು ಕೊಂಬೆಗೇರುತ್ತೆ, ಸಸಿ ಒಂದೂ ಉಳಿಯಲ್ಲ. ಬೆಟ್ಟದ ಮೇಲಿನ ನಿತ್ಯಹಸಿರು ಶೋಲಾ ಕಾಡಿಗಂತೂ ಯಾವ ಬೆಂಕಿಯೂ ಆಗಿಬರಲ್ಲ. ಹಾಗಂತ ನೀವೇ ಕಡ್ಡಿ ಗೀರಬೇಡಿ, ಮೀಸಲು ಅರಣ್ಯಕ್ಕೆ ಬೆಂಕಿ ಇಡೋದು ಅಪರಾಧ.

ಬೆಂಕಿರೇಖೆ:
ಕೆಲಸದ ಮಾತಿಗೆ ಬರೋಣ. ಹುಲ್ಲು ಸೊಂಟದೆತ್ತರ ಇದ್ದರೆ ನಿಮ್ಮ ಜಮೀನಿನೊಳಗೇ ಕನಿಷ್ಠ ನಾಲ್ಕು ಮೀಟರ್ ಅಗಲ ಸವರಿಸಿ. ಸವರಿದರೆ ಸಾಲದು, ಬರೀ ಮಣ್ಣು ಕಾಣುವ ಹಾಗೆ ಕೆರೆಯಬೇಕು, ಇದೇ ಬೆಂಕಿ ರೇಖೆ. ಎಲ್ಲರೂ ಎಡವೋದು ಇಲ್ಲೇ: ಜನವರಿಯಲ್ಲಿ ಮಾಡಿಸಿ ಕೈತೊಳೆದುಕೊಳ್ತಾರೆ. ಎಲೆ ಉದುರೋದು ಆಮೇಲೂ ನಿಲ್ಲಲ್ಲ, ತಿಂಗಳೊಳಗೆ ರೇಖೆ ಮುಚ್ಚಿಹೋಗುತ್ತೆ. ಒಳ್ಳೆ ಮಳೆ ಬೀಳೋವರೆಗೆ ವಾರಕ್ಕೊಮ್ಮೆ ಗುಡಿಸಿ. ಕಡಿದ ಸೊಪ್ಪುಸದೆ ರೇಖೆಯ ಅಂಚಲ್ಲಿ ರಾಶಿ ಹಾಕಬೇಡಿ. ಡ್ರಿಪ್ ಪೈಪ್, ಹುಲ್ಲಿನ ಮೆದೆ ಆ ಬದುವಿನಿಂದ ದೂರ ಇರಲಿ. ಜಮೀನು ಇಳಿಜಾರಿನ ಮೇಲ್ಭಾಗದಲ್ಲಿದ್ದರೆ ಅಗಲ ಇನ್ನೂ ಹೆಚ್ಚು ಬೇಕು, ಬೆಂಕಿ ಏರು ಹತ್ತೋದು ಜೋರು.

ಬದುವಿನ_ಹುಣಸೆ:
ಬದುವಿನ ಮೇಲೂ ಲಂಟಾನ ಇದೆ. ಕಡಿಸಿ ಸುಟ್ಟುಬಿಡಲಾ?

ಮತ್ತಿಮರ:
ಸುಟ್ಟರೆ ಬುಡದಿಂದ ಮತ್ತೆ ಚಿಗುರುತ್ತೆ. ಹಣ್ಣು ಕಟ್ಟೋ ಮೊದಲು, ಮಣ್ಣಿನ ಮಟ್ಟಕ್ಕಿಂತ ಮೂರು ನಾಲ್ಕು ಬೆರಳು ಕೆಳಗೆ ತಾಯಿಬೇರು ಕಡಿಸಿ, ಪೊದೆ ಎತ್ತಿ ತಲೆಕೆಳಗಾಗಿ ಒಣಗಿಸಿ. ಮಳೆ ಬಿದ್ದ ಮೇಲೆ ಸಸಿ ಏಳುತ್ತೆ, ಅದನ್ನ ಕೈಯಲ್ಲೇ ಕೀಳಬಹುದು.

ಬೆಂಕಿರೇಖೆ:
ಬೆಂಕಿ ಬಂದೇಬಿಟ್ಟರೆ ಮೊದಲು ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ. ಅದರ ಎದುರಿಗೆ ನಿಲ್ಲಬೇಡಿ. ಸುಟ್ಟು ಕರಕಲಾದ ಕಡೆಯಿಂದ, ಪಕ್ಕಕ್ಕೆ ನಿಂತು ಹಸಿರು ಸೊಪ್ಪಿನಲ್ಲಿ ಒತ್ತಿ. ಕೈ ಎತ್ತೆತ್ತಿ ಬಡಿದರೆ ಕಿಡಿ ಹಾರಿ ಹಿಂದೆ ಹತ್ತುತ್ತೆ. ಜ್ವಾಲೆ ಎದೆಮಟ್ಟ ಬಂದಿದ್ದರೆ ಬಿಟ್ಟು ಹೊರಡಿ. ಆರಿದ ಮೇಲೂ ಒಣ ಮೋಟು, ಆನೆಲದ್ದಿ ಕೆದಕಿ ನೋಡಿ, ಒಳಗೇ ಕನಲುತ್ತಾ ಇರುತ್ತೆ.