ಸ್ಟೆಬಿಲೈಜರ್ ಹಾಕಿದ್ ಮ್ಯಾಲೆ ಬೋರ್‌ನ್ಯಾಗ ರಾಡ್ ಇಳಿವಲ್ದು, ಯಾರರೆ ಹೇಳ್ರೀ

ಡೋಣಿ_ಬೋರ್: ತಲಿ ಕೆಟ್ಟೈತ್ರಿ. ಹಿಂದಿನ ಎರಡು ಬೋರ್ ಸೊಟ್ಟ ಹೋಗಿ ಮೋಟರ್ ಇಳೀಲಿಲ್ಲಂತ ರೈತ್ರು ರೊಕ್ಕ ಹಿಡದಾರ, ಅದಕ್ಕ ಈ ಸಲ ಲೇತಿನ್ಯಾಗ ಸ್ಟೆಬಿಲೈಜರ್ (ರಾಡ್ ಅಲ್ಲಾಡದಂಗ ತೂತಿನ ಗ್ವಾಡಿಗಿ ಆನ್ಕೊಳ್ಳೂ ದಪ್ಪ ಕಬ್ಬಿಣ) ಮಾಡಿಸಿ, ಕಲ್ಲ ಒಡಿಯೂ ಬಿಟ್ಟಿಗಿ ಬಡಿಯೂ ಹ್ಯಾಮರ್ ಮ್ಯಾಲೆ ಕೂಡ್ರಿಸೀನಿ, ಕೇಸಿಂಗ್ ಪೈಪ್ ದಾಟಿ ಸ್ವಲ್ಪ ಹೋಗೂದ್ರಾಗ ಗಕ್ಕನ ನಿಂದ್ರತೈತಿ, ಎಳದ್ರ ಒದ್ದಾಡಿ ಬರತೈತಿ. ಮೂರ್ ಸಲ ಆತು.

ಬಾಗೇವಾಡಿ_ಕಂಪ್ರೆಸರ್: ಗಾಳಿ ಸಾಲವಲ್ದು. ಪುಡಿ ಮ್ಯಾಲೆ ಬರದ ಸ್ಟೆಬಿಲೈಜರ್ ಸುತ್ತ ಕೂತೈತಿ. ನಂದು ಕಂಪ್ರೆಸರ್ 1100/300 (1100 ಸಿಎಫ್ಎಂ ಗಾಳಿ, 300 ಪಿಎಸ್ಐ ಒತ್ತಡ), ಒಮ್ಮೆನೂ ಹಿಂಗ ಆಗಿಲ್ಲ.

ಡೋಣಿ_ಬೋರ್: ಗಾಳಿ ಬರೋಬ್ಬರಿ ಐತ್ರೀ, ಪುಡಿ ಚಲೋ ಹಾರಾಕತ್ತೈತಿ.

ಬಾಗೇವಾಡಿ_ಕಂಪ್ರೆಸರ್: ಹಾರಿದ್ರೂ ಸಾಲಂಗಿಲ್ಲ. ಫಿಲ್ಟರ್ ನೋಡ್ರಿ.

ಬಾರ್ಮೇರ್_ರಿಟರ್ನ್: ನಾ ರಾಜಸ್ಥಾನದಾಗ ಆಯಿಲ್ ರಿಗ್ ಮ್ಯಾಲೆ ಇದ್ದಾಂವ. ಅಲ್ಲಿ ಬಿಟ್ ಸನೇಕ ಒಂದು, 30 ಫೂಟಿಗೊಂದು, 60 ಫೂಟಿಗೊಂದು ಸ್ಟೆಬಿಲೈಜರ್ ಹಾಕಿದ್ರ ಬಾವಿ ಹಿಡದ ದಾರಿ ಬಿಡಂಗಿಲ್ಲ. ಬರೇ ಬಿಟ್ ಸನೇಕ ಒಂದಾ ಇಟ್ರ, ಕಬ್ಬಿಣದ ಹಾರಿ ಕೆಳಗ ಕಲ್ಲ ಆನಿಸಿದಂಗ ಆಗಿ ಬಿಟ್ ಮ್ಯಾಲಕ್ಕ ಮಾರಿ ತಿರಗಸತೈತಿ. ಅದನ್ನ ತಗದು ಮ್ಯಾಲಿಂದಷ್ಟಾ ಇಟ್ರ ಕೆಳಗಿನ ಭಾರ ಜೋತ ಬಿದ್ದು ಸೊಟ್ಟ ಇದ್ದದ್ದು ನೆಟ್ಟಗ ಬರತೈತಿ. ನಿಮ್ದು ಅದಾ ಪ್ರಾಬ್ಲಮ್.

ಬಾಗೇವಾಡಿ_ಕಂಪ್ರೆಸರ್: ಸಾಹೇಬ್ರ, ಅಲ್ಲಿ ಪುಡಿ ತಗಿಯೂದು ಮಡ್ಡು (ಕೆಸರನೀರು), ಇಲ್ಲಿ ಗಾಳಿ. ಎರಡೂ ಒಂದಾ ಮಾಡಬ್ಯಾಡ್ರಿ.

ಬಾರ್ಮೇರ್_ರಿಟರ್ನ್: ತೆಂಗಿನಕಾಯಿ ಹಿಡದು ನೀರಿನ ಪಾಯಿಂಟ್ ಮಾಡವ್ರು ನನಗ ಹೇಳ್ತೀರೇನು?

ಬಾಗೇವಾಡಿ_ಕಂಪ್ರೆಸರ್: ಕಾಯಿ ಸುದ್ದಿಗಿ ಬರಬ್ಯಾಡ್ರಿ, ನಮ್ಮ ಹೊಲದಾಗ ಅದಾ ಕಾಯಿಂದ ಎರಡೂವರಿ ಇಂಚ್ ನೀರ ಬಿದ್ದೈತಿ.

ಹುನಗುಂದ_ಹ್ಯಾಮರ್: ಜಗಳ ಆಮ್ಯಾಲ ಮಾಡ್ರಿ. ಡೋಣಿ ಅಣ್ಣಾ, ಕೇಸಿಂಗ್ ಎಷ್ಟು? ಎಷ್ಟಕ್ಕ ನಿಂದ್ರತೈತಿ? ಬಿಟ್ ಹೊಸಾದೇನು?

ಡೋಣಿ_ಬೋರ್: ಎರಿ ಮಣ್ಣಲ್ರೀ, ಕೇಸಿಂಗ್ 40 ಫೂಟ್. ಮೂರೂ ಸಲ 45ಕ್ಕ ನಿಂತೈತಿ. ಬಿಟ್ ಆರೂವರಿ ಇಂಚು, ಚಲೋ ಐತಿ, ಹೋದ ತಿಂಗಳ ಇಳಕಲ್ಲಾಗ ಸಾಲಾಗಿ ಬೋರ್ ಹೊಡದೀನಿ ಅದರಲೇನ.

ಹುನಗುಂದ_ಹ್ಯಾಮರ್: ಇಳಕಲ್ ಕೆಂಪ ಗ್ರಾನೈಟ್ ಹೊಡದು ಸವದ ಬಿಟ್ಟಿಗಿ ಚಲೋ ಐತಿ ಅಂತೀರಲ್ಲ! ಇದನ್ನ ಮೊದಲ ಹೇಳೂದಲ್ಲೇನ್ರಿ. ಹ್ಯಾಮರ್ ಬಿಟ್ ಸೇರಿ ಐದ್ ಫೂಟ್ ಹಿಡೀರಿ, ಅಂದ್ರ ಸ್ಟೆಬಿಲೈಜರ್ ಕೇಸಿಂಗ್ ಬಿಟ್ಟು ಕಲ್ಲಿಗಿ ಬಂದ ಗಳಿಗ್ಗೇನ ಸಿಗಾಕತ್ತೈತಿ. ಎರಡೂ ಅಳೀರಿ.

ಡೋಣಿ_ಬೋರ್: ಬಿಟ್ 160 ಎಂಎಂ. ಸ್ಟೆಬಿಲೈಜರ್ 163, ಬಿಟ್ ಹೊಡದ ತೂತಿಗಿಂತ ದಪ್ಪ. ಹೊಸಾ ಬಿಟ್ 165 ಇರತೈತಿ ಅಂತ ಲೇತಿನವಂಗ ನಾನಾ ಅಳತಿ ಕೊಟ್ಟಿದ್ದೆ. ಥೂ. ಎಳಿಯೂವಾಗ ಉಲ್ಟಾ ಬ್ಯಾರೆ ತಿರಗಿಸೀನಿ.

ಹುನಗುಂದ_ಹ್ಯಾಮರ್: ಮಾರಾಯಾ, ಉಲ್ಟಾ ತಿರಗಿಸಿದ್ರ ಥ್ರೆಡ್ ಬಿಚ್ಚಿ ಹ್ಯಾಮರ್ ಒಳಗಾ ಉಳಿತೈತಿ! ಎಲ್ಲಾ ಜಾಯಿಂಟ್ ಬಿಗಿ ಮಾಡ್ರಿ. ಹೊಸಾ ಬಿಟ್ ತಂದು ಸೀದಾ 45ಕ್ಕ ಇಳಸಬ್ಯಾಡ್ರಿ, ಹಳೇ ಬಿಟ್ಟಿನ ತೂತಿನ್ಯಾಗ ಅದೂ ಸಿಗತೈತಿ. 40ರಿಂದ ಹಗೂರ ಹೊಡಕೊಂತ ಹೋಗ್ರಿ.

ಬಾರ್ಮೇರ್_ರಿಟರ್ನ್: ಹೊಸಾ ಬಿಟ್ ಯಾಕ, ಸ್ಟೆಬಿಲೈಜರನ್ನ 158ಕ್ಕ ಕಡಸ್ರಿ.

ಹುನಗುಂದ_ಹ್ಯಾಮರ್: ಆ ಬಿಟ್ ಇನ್ನೂ ಸವಿತೈತಿ, ಆಗೇನು ಮತ್ತ ಲೇತಿಗಿ ಒಯ್ಯೂದಾ?

ಬಾಗೇವಾಡಿ_ಕಂಪ್ರೆಸರ್: ಫಿಲ್ಟರ್ ನೋಡಿದ್ರೇನು?

ಡೋಣಿ_ಬೋರ್: ಬಿಟ್ ತರಾಕ ವಿಜಾಪುರಕ್ಕ ಹೊಂಟೀನಿ. ಹೊಲದ ಮಾಲಕ ಬಂದು ಕುಂತಾನ, ನೀರ ಬಿತ್ತೇನು ಅಂತ ಕೇಳಾಕತ್ತಾನ. 45 ಫೂಟಿಗಿ.